ಎರಡು ಪರದೆ, ನಡುವಿನ ಸಂದು

ಮೊನ್ನೆ ಸಂಜೆ ಅವ್ವ ದೇವರ ಮುಂದೆ ಕೂತು ದೀಪದ ಬತ್ತಿಯನ್ನು ಮುಂದಕ್ಕೆ ಸರಿಸುತ್ತಿದ್ದಳು. ಅವಳ ಕೈಯಲ್ಲಿದ್ದ ಕಡ್ಡಿಯನ್ನು ನೋಡಿ ನಾನು ಬಾಗಿಲಲ್ಲೇ ನಿಂತೆ. ಬೆರಳುದ್ದದ ಕರಿಯ ಪ್ಲಾಸ್ಟಿಕ್ ಕಡ್ಡಿ. ತುದಿ ಆಗಲೇ ಎಣ್ಣೆಯಲ್ಲಿ ಮಿಂದು, ಒಂದಿಷ್ಟು ಸುಟ್ಟು, ಸೊಟ್ಟಗಾಗಿತ್ತು.

"ಅವ್ವಾ, ಅದನ್ನ ಎಲ್ಲಿಂದ ತಗೊಂಡಿ?"

"ನಿನ್ನ ಟೇಬಲ್ ಖಾನ್ಯಾಗಿತ್ತು. ಹಲ್ಲಾಗ ಹಾಕೋ ಕಡ್ಡಿ ಅಂದ್ರ ದಪ್ಪ ಐತಿ, ಪೆನ್ನು ಅಂದ್ರ ಮಸಿ ಇಲ್ಲ. ಬತ್ತಿ ಸರಸಾಕ ಮಾತ್ರ ಹೇಳಿ ಮಾಡಿಸಿದಂಗ ಐತಿ ನೋಡು."

ನಾನು ಅದನ್ನು ಇಸಿದುಕೊಂಡು, ಸೆರಗಿನಿಂದ ಒರೆಸಿ, ಒಳಗೆ ಹೋದೆ. ಅವ್ವನಿಗೆ ಏನೆಂದು ವಿವರಿಸಲಿ? ಎಂ.ಎಸ್ಸಿ. ಓದಿ, ಹಾವೇರಿಯ ಕಾಲೇಜಿನಲ್ಲಿ ಹುಡುಗರಿಗೆ ಭೌತಶಾಸ್ತ್ರ ಹೇಳಿಕೊಡುವ ಮಗಳು, ಹಕ್ಕಿಯ ಮೊಟ್ಟೆ ಹಿಡಿಯುವ ವಿಡಿಯೋ ಆಟದ ಕಡ್ಡಿಗಾಗಿ ಕಣ್ಣು ತುಂಬಿಕೊಂಡಳು ಎಂದರೆ, ಅವಳು ಮೊದಲು ನನ್ನ ಹಣೆ ಮುಟ್ಟಿ ಜ್ವರ ನೋಡುತ್ತಾಳೆ. ಆಮೇಲೆ ಕನ್ಯಾ ನೋಡಲು ಬರುವವರಿಗೆ ಲಗೂ ಬರಲು ಹೇಳಿ ಕಳಿಸುತ್ತಾಳೆ.

ಆ ಆಟದ ಯಂತ್ರ ನನ್ನದಲ್ಲ. ಅದು ಶಾಹೀನಳದು. ಧಾರವಾಡದ ಹಾಸ್ಟೆಲಿನಲ್ಲಿ ನಾವಿಬ್ಬರೂ ಒಂದೇ ಕೋಣೆಯವರು. ಅವಳು ರಾಣೆಬೆನ್ನೂರಿನವಳು, ನಾನು ಬ್ಯಾಡಗಿಯವಳು. ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಊರುಗಳು ಅಷ್ಟು ಹತ್ತಿರವಿದ್ದರೂ ಸ್ವಭಾವಗಳು ಮಾತ್ರ ಬೇರೆ ಬೇರೆ ರೈಲು ಹತ್ತಿದವು. ನಾನು ಮೆಸ್ಸಿನಲ್ಲಿ ಉಪ್ಪು ಬೇಕಿದ್ದರೂ ಕೇಳದೆ ಊಟ ಮುಗಿಸುವವಳು. ಅವಳು ಉಪ್ಪು ಕೇಳಿ, ಉಪ್ಪಿನಕಾಯಿ ಕೇಳಿ, ಅಡುಗೆಯವರ ಮಗಳ ಪರೀಕ್ಷೆಯ ಫಲಿತಾಂಶವನ್ನೂ ಕೇಳಿಕೊಂಡು ಬರುವವಳು. ಅವಳ ಮಾಮು ಒಮ್ಮೆ ದುಬೈನಿಂದ ಬಂದಾಗ ಅತ್ತರು, ಖಜೂರದ ಜೊತೆಗೆ ಈ ಯಂತ್ರವನ್ನೂ ತಂದಿದ್ದರು. ನೋಡಲು ಕನ್ನಡಕದ ಡಬ್ಬಿಯ ಹಾಗೆ. ತೆರೆದರೆ ಮೇಲೊಂದು ಪರದೆ, ಕೆಳಗೊಂದು ಪರದೆ, ನಡುವೆ ಮಡಚುವ ಕೀಲು. ಕೆಳಗಿನ ಪರದೆಯ ಮೇಲೆ ಈ ಕಡ್ಡಿಯಿಂದ ಗೆರೆ ಎಳೆಯಬಹುದಿತ್ತು.

ಅದರಲ್ಲಿದ್ದ ಆಟಕ್ಕೆ ಇಂಗ್ಲಿಷಿನಲ್ಲಿ ಏನೋ ಹೆಸರಿತ್ತು. ನಾವು ಮೊಟ್ಟೆ ಆಟ ಎನ್ನುತ್ತಿದ್ದೆವು. ಮೇಲಿನ ಪರದೆಯಲ್ಲಿ ಒಂದು ಮರ, ಮರದ ತುಂಬ ತಲೆ ಕೆಟ್ಟ ಹಕ್ಕಿಗಳು. ಅವು ಕೂತಲ್ಲಿಂದಲೇ ಮೊಟ್ಟೆ ಕೆಡವುತ್ತವೆ. ಕೆಳಗಿನ ಪರದೆಯಲ್ಲಿ ನಾವು ಕಡ್ಡಿಯಿಂದ ತೊಟ್ಟಿಲಿನಂಥ ಗೆರೆ ಎಳೆಯಬೇಕು. ಮೊಟ್ಟೆ ಅದರ ಮೇಲೆ ಬಿದ್ದು, ಉರುಳಿ, ಮೂಲೆಯಲ್ಲಿರುವ ಗೂಡು ಸೇರಬೇಕು. ಇಷ್ಟೇ. ಆದರೆ ಮೊಟ್ಟೆ ಮೇಲಿನ ಪರದೆಯಿಂದ ಕೆಳಗಿನ ಪರದೆಗೆ ನೇರವಾಗಿ ಬರುವುದಿಲ್ಲ. ನಡುವೆ ಆ ಕೀಲಿನ ಜಾಗವಿದೆಯಲ್ಲ, ಕರಿಯ ಸಂದು, ಅಲ್ಲಿ ಮೊಟ್ಟೆ ಒಂದು ಕ್ಷಣ ಕಾಣಿಸುವುದಿಲ್ಲ. ಆ ಆಟ ಮಾಡಿದವರು ಯಾರೋ ಬಹಳ ನಿಯತ್ತಿನವರು. ಸಂದಿನಷ್ಟು ಅಂತರ ಬೀಳಲು ಎಷ್ಟು ಹೊತ್ತು ಬೇಕೋ ಅಷ್ಟೇ ಹೊತ್ತು ಮೊಟ್ಟೆಯನ್ನು ಮಾಯ ಮಾಡಿದ್ದರು. ಕೊನೆಯ ಸುತ್ತಿನಲ್ಲಿ ಹಕ್ಕಿಗಳು ಗಾಳಿಯನ್ನೂ ಬೀಸುತ್ತವೆ. ಸಂದಿನೊಳಗೆ ಹೋದ ಮೊಟ್ಟೆ ಎಡಕ್ಕೆ ಬರುತ್ತದೋ ಬಲಕ್ಕೆ ಬರುತ್ತದೋ ಹೇಳಲಾಗದು.

ಕಾಣದೆ ಇರುವ ಆ ಒಂದು ಕ್ಷಣವನ್ನು ನಾನು ಬೇರೆ ಕಡೆಯೂ ಕಂಡಿದ್ದೇನೆ. ಫಲಿತಾಂಶದ ಹಾಳೆ ಅಂಟಿಸಿ, ಮುಂದೆ ನಿಂತವರ ತಲೆಗಳು ಸರಿಯುವವರೆಗೆ. ಅಪ್ಪ ಬರಬೇಕಾದ ಬಸ್ಸಿನ ಹೊತ್ತು ಮೀರಿ, ಬಾಗಿಲ ಚಿಲಕದ ಸದ್ದು ಕೇಳುವವರೆಗೆ. ನನ್ನದು ಇಂಥ ಸಂದುಗಳನ್ನು ಹುಡುಕಿ ಹುಡುಕಿ ಒಳಗೆ ಹೋಗಿ ಕೂರುವ ಸ್ವಭಾವ.

ಶಾಹೀನ್ ಕಡ್ಡಿ ಹಿಡಿದರೆ ತೊಟ್ಟಿಲಿನ ಬದಲು ಜಿಲೇಬಿ ಬರೆಯುತ್ತಿದ್ದಳು. ಆದ್ದರಿಂದ ನಾವು ಕೆಲಸ ಹಂಚಿಕೊಂಡೆವು. ಅವಳು ಮೇಲಿನ ಪರದೆ ನೋಡಿ ಕೂಗಬೇಕು, ನಾನು ಕೆಳಗೆ ಗೆರೆ ಎಳೆಯಬೇಕು. "ಎಡಕ್ಕ, ಎಡಕ್ಕ, ಗಾಳಿ ಬಂತು, ನಡುವ ಬಾ, ಬಂತು ಬಂತು!" ಎಂದು ಅವಳು ಅರಚಿದಂತೆ ನನ್ನ ಕೈ ಓಡುತ್ತಿತ್ತು. ಪಕ್ಕದ ಕೋಣೆಯವರು ಗೋಡೆ ಬಡಿದು, "ಏನ್ರವಾ, ಬಾಣಂತನ ಮಾಡಾಕತ್ತೀರೇನು?" ಎಂದು ಕೇಳುತ್ತಿದ್ದರು. ಹೀಗೆ ಆಡಿ ಆಡಿ, ಒಂದು ದಿನ ಕೊನೆಯ ಸುತ್ತನ್ನು ಒಂದು ಮೊಟ್ಟೆಯನ್ನೂ ಒಡೆಯದೆ ಮುಗಿಸಿಬಿಟ್ಟೆವು. ನೋಡಿದವರು ಯಾರೂ ಇಲ್ಲ. ಹಾಸ್ಟೆಲಿನ ಮಂದಿ ಊಟಕ್ಕೆ ಹೋಗಿದ್ದರು.

ಓದು ಮುಗಿದು ಊರಿಗೆ ಬಂದ ಮೇಲೆ ಇಂಟರ್‌ನೆಟ್ಟಿನಲ್ಲಿ ಆ ಆಟದವರದೇ ಒಂದು ಹರಟೆಕಟ್ಟೆ ಶಾಹೀನಳಿಗೆ ಸಿಕ್ಕಿತು. ಎಲ್ಲೆಲ್ಲಿಯದೋ ದೇಶದವರು. ಇಬ್ಬರಿಗೂ ಸೇರಿ ಒಂದೇ ಹೆಸರು ಇಟ್ಟಳು, ಬ್ಯಾಡಗಿ ಮೆಣಸಿನಕಾಯಿ ಅಂತ. ಅವರಿಗೆ ಅದು ಯಾವುದೋ ಗಂಡಸಿನ ಹೆಸರಿನಂತೆ ಕಂಡಿರಬೇಕು. ಅಲ್ಲಿ ಯಾರೋ ಕೊನೆಯ ಸುತ್ತಿನಲ್ಲಿ ಮೊಟ್ಟೆ ಒಡೆಯದೆ ಇರಲು ಸಾಧ್ಯವೇ ಇಲ್ಲ ಎಂದು ಬರೆದಿದ್ದರು. ನಾನಾಗಿದ್ದರೆ ಓದಿ ಸುಮ್ಮನಾಗುತ್ತಿದ್ದೆ. ಶಾಹೀನ್ ಸುಮ್ಮನಿರಲಿಲ್ಲ. "ನಾವು ಮಾಡಿದ್ದೇವೆ" ಎಂದು ಬರೆದಳು. ಮರುದಿನವೇ ಉತ್ತರ: ವಿಡಿಯೋ ಹಾಕಿ. ಎರಡೂ ಪರದೆ ಪೂರ್ತಿ ಕಾಣಬೇಕು. ನಡುವೆ ಕತ್ತರಿಸಬಾರದು.

ಅದೇ ವಾರ ಶಾಹೀನಳ ನಿಕಾಹ್ ಗೊತ್ತಾಯಿತು. ಗಂಡಿನ ಊರು ಮೀರಜ್. ಮುಂದಿನ ತಿಂಗಳೇ.

ಈಗ ನನಗೆ ನಿದ್ದೆ ಕೆಡಿಸಿದ್ದು ಏನೆಂದು ಹೇಳುತ್ತೇನೆ, ನಗಬೇಡಿ. ಆ ಯಾವುದೋ ದೇಶದವರು ನಂಬುತ್ತಾರೋ ಬಿಡುತ್ತಾರೋ ಅದಲ್ಲ. ನಾವಿಬ್ಬರೂ ಸೇರಿ ಚೆನ್ನಾಗಿ ಮಾಡಿದ ಕೆಲಸ ಜಗತ್ತಿನಲ್ಲಿ ಇದೊಂದೇ. ಅದಕ್ಕೆ ಸಾಕ್ಷಿ ಯಾರೂ ಇಲ್ಲ. ಅವಳು ಮೀರಜಿಗೆ ಹೋದರೆ, ಯಂತ್ರವೂ ಹೋಗುತ್ತದೆ. ಆಮೇಲೆ ಅದು ನಡೆದೇ ಇಲ್ಲ ಅಂದರೂ ಯಾರಿಗೂ ಗೊತ್ತಾಗುವುದಿಲ್ಲ. ಕೆಲವು ವರ್ಷ ಕಳೆದರೆ ನನಗೂ ಅನುಮಾನ ಬರಬಹುದು.

ಮೊದಲು ನಾನೊಬ್ಬಳೇ ಪ್ರಯತ್ನಿಸಿದೆ. ಶಾಹೀನಳಿಗೆ ಮದುವೆಯ ಸೀರೆ, ಬಳೆ, ದರ್ಜಿ ಎಂದು ಓಡಾಟ. ಅವಳನ್ನು ಯಾಕೆ ಕಾಡಲಿ ಎಂದು ಯಂತ್ರವನ್ನು ಬ್ಯಾಡಗಿಗೆ ತಂದೆ. ಪುಸ್ತಕಗಳನ್ನು ಎರಡು ಸಾಲು ಪೇರಿಸಿ, ಮೇಲೆ ಅಡ್ಡಪಟ್ಟಿ ಇಟ್ಟು, ನನ್ನ ಮೊಬೈಲನ್ನು ಕ್ಯಾಮೆರಾ ಕೆಳಗಾಗಿ ಮಲಗಿಸಿದೆ. ಮೆಣಸಿನಕಾಯಿಯ ಸುಗ್ಗಿ. ಮಾರ್ಕೆಟ್ಟಿನ ಘಾಟು ಕಿಟಕಿ ಹಾಕಿದರೂ ಮನೆಯೊಳಗೆ ಬರುತ್ತದೆ. ಸುಗ್ಗಿಯಲ್ಲಿ ನಮ್ಮೂರಿಗೆ ಬಂದ ನೆಂಟರು ಕಣ್ಣೀರಿನಿಂದಲೇ ಮಾತಾಡುತ್ತಾರೆ, ನಮಗೆ ರೂಢಿ. ಆದರೆ ಕ್ಯಾಮೆರಾ ಹಚ್ಚಿದೊಡನೆ ನನಗೂ ಸೀನು ಬಂತು. ಸೀನಿದ ರಭಸಕ್ಕೆ ಪುಸ್ತಕ ಜರುಗಿ ಮೊಬೈಲು ಮೊಟ್ಟೆಗಳ ಮೇಲೆಯೇ ಬಿತ್ತು. ಮತ್ತೆ ಕಟ್ಟಿದೆ. ಆಡಿದೆ. ಮೊಟ್ಟೆಗಳು ಪಟಪಟ ಒಡೆದವು. ಒಂದಲ್ಲ, ಎಲ್ಲವೂ.

ಆಗ ತಿಳಿಯಿತು. ಇಷ್ಟು ದಿನ ಆಡಿದರೂ ನಾನು ಮೇಲಿನ ಪರದೆಯನ್ನು ನೋಡಿಯೇ ಇರಲಿಲ್ಲ. ಆ ಮರಕ್ಕೆ ಎಷ್ಟು ಕೊಂಬೆ, ಹಕ್ಕಿಗಳ ಬಣ್ಣ ಯಾವುದು, ಗಾಳಿ ಬರುವ ಮೊದಲು ಎಲೆ ಅಲುಗುತ್ತದೆ ಅನ್ನುವುದು, ಒಂದೂ ನನಗೆ ಗೊತ್ತಿರಲಿಲ್ಲ. ಆ ಪರದೆ ನನಗೆ ಶಾಹೀನಳ ಧ್ವನಿಯಾಗಿತ್ತು.

ಫೋನು ಮಾಡಿದೆ. "ಶಾಹೀನ್, ನನಗ ಒಬ್ಬಾಕಿಗೆ ಆಗವಲ್ದು."

"ಹಂಗಾರ ಇಷ್ಟು ದಿವಸ ಆಗತೈತಿ ಅಂತ ತಿಳದಿದ್ದೇನು? ಯಾ ಅಲ್ಲಾ, ನಾ ಕೂಗಿ ಕೂಗಿ ಗಂಟಲಾ ಹರಕೊಂಡಿದ್ದು ಸುಮ್ಮನ ಅಂತ ಮಾಡೀದ್ಯಾ? ನಾಳೆ ಪ್ಯಾಸೆಂಜರ್ ಗಾಡಿಗೆ ಬಾ. ನನ್ನ ಮದುವಿ ವಿಡಿಯೋ ಮಾಡೋ ರುದ್ರಣ್ಣನ ಸ್ಟುಡಿಯೋ ಐತಿ. ದೊಡ್ಡ ಕ್ಯಾಮೆರಾ. ಸೀನಿದ್ರ ಬೀಳೂದಿಲ್ಲ."

ಕ್ಯಾಮೆರಾದವರ ಮುಂದೆ ಆಡುವುದು ಎಂದ ಕೂಡಲೆ ನಾನು ಹಿಂಜರಿದೆ. ಅದಕ್ಕೆ ಕಾರಣ ಹೇಳಬೇಕೆಂದರೆ ಅಗಡಿಯ ನಮ್ಮ ಅಜ್ಜನವರೆಗೆ ಹೋಗಬೇಕು.

ಅಜ್ಜ ದನದ ಸಂತೆಯಲ್ಲಿ ದಲ್ಲಾಳಿ. ಹಾವೇರಿಯ ಸಂತೆಗೆ ಹೋಗುವಾಗ ಒಮ್ಮೊಮ್ಮೆ ನನ್ನನ್ನೂ ಕರೆದೊಯ್ಯುತ್ತಿದ್ದರು. ಅಲ್ಲಿ ಎತ್ತಿನ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಕೊಳ್ಳುವವರ ಕೈಯನ್ನು ದಲ್ಲಾಳಿ ಹಿಡಿದುಕೊಂಡು, ಮೇಲೆ ಟವೆಲ್ ಮುಚ್ಚಿ, ಒಳಗೆ ಬೆರಳು ಒತ್ತಿ ಬೆಲೆ ಹೇಳುತ್ತಾರೆ. ಮೇಲೆ ಮಾತ್ರ ಬೇರೆಯದೇ ಮಾತು. "ಈ ಸಲ ಜ್ವಾಳ ಹೆಂಗೈತಿ?" "ಮಗಳು ಹಡದ್ಲ?" ಎಂದು. ಟವೆಲಿನ ಕೆಳಗೆ ಬೆರಳುಗಳು ಜಗಳಾಡುತ್ತಿರುತ್ತವೆ, ಮೇಲೆ ಮುಖಗಳು ನಗುತ್ತಿರುತ್ತವೆ. ನಾನು ಮುಖಗಳನ್ನೂ ಟವೆಲನ್ನೂ ಸರದಿಯಲ್ಲಿ ನೋಡುತ್ತ ನಿಲ್ಲುತ್ತಿದ್ದೆ. ಒಮ್ಮೆ ಗಾಳಿಗೆ ಟವೆಲ್ ಹಾರಿಹೋಯಿತು. ಅಜ್ಜನ ಬೆರಳು ಇನ್ನೊಬ್ಬರ ಬೆರಳುಗಳನ್ನು ಹಿಡಿದಿದ್ದು ಎಲ್ಲರಿಗೂ ಕಂಡಿತು. ಇಬ್ಬರೂ ಬಟ್ಟೆ ಕಳಚಿದವರ ಹಾಗೆ ಕೈ ಎಳೆದುಕೊಂಡರು. ವ್ಯವಹಾರ ಮುರಿಯಿತು.

ನನ್ನ ಬದುಕಿನ ಬಹುಭಾಗ ಟವೆಲಿನ ಕೆಳಗೆ ನಡೆದಿದೆ. ಕೆಳಗಿನ ಪರದೆಯ ಮೇಲೆ ನನ್ನ ಕೈ ಹೇಗೆ ಅನುಮಾನಿಸುತ್ತದೆ, ಎಳೆದ ಗೆರೆಯನ್ನು ಅಳಿಸಿ ಮತ್ತೆ ಹೇಗೆ ಎಳೆಯುತ್ತದೆ ಅನ್ನುವುದು ಶಾಹೀನಳಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಈಗ ಅದನ್ನು ಜಗತ್ತೇ ನೋಡಲಿ ಎಂದು ಟವೆಲ್ ತೆಗೆಯಬೇಕು. ಹಾಗೆಂದು ಸುಮ್ಮನಿದ್ದರೆ, ಉಳಿಯುವುದೇನು?

ಹೆದರಿಕೆಯಾದಾಗ ನಾನು ಅಳತೆ ಮಾಡಲು ಕೂರುತ್ತೇನೆ. ಆ ಸಂಜೆ ಗ್ರಾಫ್ ಹಾಳೆ ತೆಗೆದು ಟಿವಿ ಚೌಕಟ್ಟು ಬರೆದೆ. ಎರಡು ಪರದೆಗಳನ್ನು ಅದರೊಳಗೆ ಹೇಗೆ ಕೂರಿಸುವುದು? ಒಂದರ ಮೇಲೊಂದು ಇಟ್ಟರೆ ಎಡಬಲಕ್ಕೆ ಜಾಗ ದಂಡ. ಅಕ್ಕಪಕ್ಕ ಇಟ್ಟರೆ ಮೇಲೆ ಕೆಳಗೆ ದಂಡ. ಟಿವಿಯ ಆಕಾರವೇ ಪರದೆಗಳದ್ದೂ ಆದ್ದರಿಂದ, ಲೆಕ್ಕ ಹಾಕಿದರೆ ಎರಡರಲ್ಲೂ ಪರದೆಯ ಅಳತೆ ಒಂದೇ! ಇದನ್ನು ಕಂಡು ನನಗೆ ಸಮಾಧಾನದ ಬದಲು ಇನ್ನಷ್ಟು ಗಾಬರಿಯಾಯಿತು. ಅಳತೆಯೇ ತೀರ್ಮಾನ ಕೊಡದಿದ್ದರೆ ನಾನೇ ತೀರ್ಮಾನ ಮಾಡಬೇಕಲ್ಲ. ನಡುವಿನ ಸಂದನ್ನು ಉಳಿಸಿಕೊಂಡರೆ ಮಾತ್ರ ಒಂದರ ಮೇಲೊಂದು ಇಡುವುದು ಕೊಂಚ ಚಿಕ್ಕದಾಗುತ್ತದೆ. ಇನ್ನೊಂದು ದಾರಿಯಿತ್ತು: ಒಂದು ಪರದೆ ದೊಡ್ಡದು, ಇನ್ನೊಂದು ಮೂಲೆಯಲ್ಲಿ ಸಣ್ಣದು. ಯಾವುದು ದೊಡ್ಡದು? ಕೆಳಗಿನದು ದೊಡ್ಡದಾದರೆ ಆಟ ನನ್ನದು ಅನ್ನಿಸುತ್ತದೆ. ಮೇಲಿನದು ದೊಡ್ಡದಾದರೆ ಅವಳದು. ಆ ದಾರಿಯನ್ನು ಬರೆದಷ್ಟೇ ಬೇಗ ಹೊಡೆದುಹಾಕಿದೆ.

ರುದ್ರಣ್ಣನ ಸ್ಟುಡಿಯೋ ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಮಾಳಿಗೆಯ ಮೇಲಿತ್ತು. ಹಿಂದೆ ಜಲಪಾತದ ಪರದೆ, ಮುಂದೆ ಪ್ಲಾಸ್ಟಿಕ್ಕಿನ ಪಾರಿವಾಳ, ಬೆಂಚಿನ ಮೇಲೆ ಮಗುವಿನ ಫೋಟೋ ತೆಗೆಸಲು ಬಂದು ಕಾಯುತ್ತಿದ್ದ ಒಂದು ಕುಟುಂಬ. ಮಗು ಜಲಪಾತವನ್ನು ನೋಡಿ ಚೀರುತ್ತಿತ್ತು.

ರುದ್ರಣ್ಣ ಯಂತ್ರವನ್ನು ಆಭರಣದ ಫೋಟೋ ತೆಗೆಯುವ ಕೆಂಪು ಮಖಮಲ್ಲಿನ ಮೇಲಿಟ್ಟು, ಕ್ಯಾಮೆರಾದ ಮೂಗನ್ನು ಅದರ ಮೇಲೆ ಬಗ್ಗಿಸಿದರು. "ಅಕ್ಕೋರ, ಇದು ನಿಂತಿದ್ರ ಸಣ್ಣದು ಕಾಣತೈತಿ. ಅಡ್ಡ ಮಲಗಸ್ರಿ. ಚೌಕಟ್ಟು ತುಂಬತೈತಿ."

"ಅಡ್ಡ ಮಲಗಿಸಿದ್ರ ಮೊಟ್ಟಿ ಅಡ್ಡ ಬೀಳ್ತಾವಲ್ರಿ" ಎಂದೆ.

"ನೋಡಾವ್ರು ಹಾಸಿಗ್ಯಾಗ ಮಲಕೊಂಡು ನೋಡ್ಲಿ ಬಿಡ" ಎಂದಳು ಶಾಹೀನ್.

ಯಂತ್ರವನ್ನು ನೆಟ್ಟಗೇ ಇರಿಸಿದೆವು. ನಾನು ಕೆಳಗೆ ಕಡ್ಡಿ ಹಿಡಿದು ಕೂತೆ. ಶಾಹೀನ್ ನನ್ನ ಎಡಕ್ಕೆ, ಮೊಣಕಾಲೂರಿ. ಮೊದಲನೆಯ ಸಲ ಮಗು ಚೀರಿತು, ಮೊಟ್ಟೆ ಒಡೆಯಿತು. ಎರಡನೆಯ ಸಲ ನಾನೇ ಒಡೆದೆ. ಕ್ಯಾಮೆರಾದ ಕೆಂಪು ದೀಪ ಕಣ್ಣಂಚಿನಲ್ಲಿ ಕಂಡು ಗೆರೆ ಸೊಟ್ಟಗಾಯಿತು. ಬೆಂಚಿನ ಮೇಲಿದ್ದ ಮಗುವಿನ ಅಜ್ಜಿ ಕೇಳಿದರು, "ಏನ್ ಪರೀಕ್ಷಾ ಇದು, ಸರಕಾರದ್ದೇನು?"

"ಹೌದ್ರಿ ಅಜ್ಜಿ" ಎಂದಳು ಶಾಹೀನ್. "ಪಾಸಾದ್ರ ಆಕಿಗೆ ಅಮಲ್ದಾರಕಿ ನೌಕರಿ."

ನಗು ಬಂತು. ನಕ್ಕ ಮೇಲೆ ಕೈ ಹಗುರಾಯಿತು. ಮೂರನೆಯ ಸಲ ಶಾಹೀನ್ ಕೂಗತೊಡಗಿದಳು, ನಾನು ಧಾರವಾಡದ ಕೋಣೆಯಲ್ಲಿದ್ದೆ. "ಬಲಕ್ಕ, ಇನ್ನಾ ಬಲಕ್ಕ, ಎಲಿ ಅಲುಗಿತು, ತಡಿ, ಬಂತು!" ಗೂಡು, ಮತ್ತೆ ಗೂಡು. ಕೊನೆಯ ಮೊಟ್ಟೆ ಸಂದಿನೊಳಗೆ ಹೋಯಿತು. ಬರಲಿಲ್ಲ. ರುದ್ರಣ್ಣ, "ಹೋತು" ಎಂದರು. ಅಷ್ಟರಲ್ಲಿ ಅದು ಎಡದ ಅಂಚಿನಿಂದ ಇಣುಕಿತು. ನನ್ನ ಗೆರೆ ಅದರ ಕೆಳಗೆ ಇತ್ತು. ಹೇಗೆ ಇತ್ತೋ ನನಗೆ ಗೊತ್ತಿಲ್ಲ. ಶಾಹೀನ್ ನನ್ನ ಭುಜಕ್ಕೆ ಗುದ್ದಿದ ಗುದ್ದು ಎರಡು ದಿನ ನೋಯುತ್ತಿತ್ತು.

ಆದರೆ ಕೆಲಸ ಮುಗಿದಿರಲಿಲ್ಲ. ರುದ್ರಣ್ಣ ಟೇಪನ್ನು ಕಂಪ್ಯೂಟರಿಗೆ ಇಳಿಸಿ, ನಮ್ಮನ್ನು ಹಿಂದೆ ಕೂರಿಸಿಕೊಂಡು, ಮದುವೆಗಳಿಗೆ ಬಳಸುವ ಚೌಕಟ್ಟುಗಳ ಸಂದೂಕವನ್ನೇ ತೆರೆದರು. ಎರಡು ವೀಳ್ಯದೆಲೆ. ಎರಡು ಕಿಟಕಿ. ಮಗುಚುವ ಪುಟ. "ಎರಡು ಇದ್ದಲ್ಲಿ ಹಾರ್ಟೇ ಶೋಭಾ ಅಕ್ಕೋರ. ಎಡಕ್ಕ ಹುಡುಗಿ, ಬಲಕ್ಕ ಹುಡುಗ. ನಾ ಎಲ್ಲಾರಿಗೂ ಹಿಂಗ ಮಾಡೂದು" ಎಂದು, ನಾವು ಬೇಡ ಎನ್ನುವ ಮೊದಲೇ ಮೇಲಿನ ಪರದೆಯನ್ನು ಎಡದ ಹೃದಯದಲ್ಲೂ ಕೆಳಗಿನದನ್ನು ಬಲದ ಹೃದಯದಲ್ಲೂ ಕೂರಿಸಿಬಿಟ್ಟರು. ಸುತ್ತ ಗುಲಾಬಿಯ ಎಸಳು ಸುರಿಯತೊಡಗಿದವು. ಎಡದ ಹೃದಯದ ಚೂಪು ತುದಿಯಿಂದ ಮೊಟ್ಟೆ ಜಾರಿ, ಬಲದ ಹೃದಯದ ನೆತ್ತಿಯ ಸೀಳಿನಲ್ಲಿ ಹುಟ್ಟಿ ಬರುತ್ತಿತ್ತು. ಗೂಡುಗಳು ಮೂಲೆಯಲ್ಲಿದ್ದವಲ್ಲ, ಹೃದಯಕ್ಕೆ ಮೂಲೆಯೇ ಇಲ್ಲ. ಮೊಟ್ಟೆಗಳೆಲ್ಲ ಉರುಳಿ ಉರುಳಿ ಎಲ್ಲಿಗೋ ಹೋಗಿ ಸತ್ತಂತೆ ಕಾಣುತ್ತಿತ್ತು.

ಶಾಹೀನ್ ನಕ್ಕು ನಕ್ಕು ಕೆಮ್ಮಿದಳು. ನನಗೆ ನಗು ಬರಲಿಲ್ಲ. ಹೊರಗೆ ಮಗುವಿನ ಕುಟುಂಬ ಅವಸರ ಮಾಡುತ್ತಿತ್ತು, ನನ್ನ ರೈಲಿನ ಹೊತ್ತಾಗುತ್ತಿತ್ತು. ಅದರ ಮೇಲೆ ರುದ್ರಣ್ಣ, "ಲಗೂ ಹೇಳ್ರಿ. ಈ ಟೇಪು ನಾಳಿನ ಮದುವಿಗೆ ಬೇಕು. ಇದರ ಮ್ಯಾಲೇ ಶೂಟಿಂಗ್ ಮಾಡ್ತೇನಿ" ಎಂದುಬಿಟ್ಟರು. ಅಂದರೆ ಈಗ ಯಾವ ರೂಪದಲ್ಲಿ ಸಿಡಿ ಆಗುತ್ತದೋ ನಮಗೆ ಅದೇ ಉಳಿಯುವುದು. ಮೂಲ ಟೇಪು ನಾಳೆ ಇರುವುದಿಲ್ಲ.

"ಹಾರ್ಟ್ ತಗೀರಿ. ಒಂದರ ಮ್ಯಾಲೊಂದು ಇಡ್ರಿ" ಎಂದೆ.

"ಅಕ್ಕಪಕ್ಕ ಇರಲಿ ಸುಮಾ" ಎಂದಳು ಶಾಹೀನ್. "ನಾ ಒಂದು ಕಡೆ, ನೀ ಒಂದು ಕಡೆ. ಸಮಸಮ."

"ಮೊಟ್ಟಿ ಕೆಳಗ ಬೀಳೂದು, ಶಾಹೀನ್. ಬಾಜೂಕ ಅಲ್ಲ."

"ಅಯ್ಯ, ಫಿಸಿಕ್ಸ್ ಕಲಸೋ ಬಾಯಾರ. ಆತು, ನಾ ಮ್ಯಾಲ ಇರ್ತೇನಿ. ನನಗೇನು ಲುಕ್ಸಾನ ಇಲ್ಲ."

ರುದ್ರಣ್ಣ ಮೇಲೆ ಕೆಳಗೆ ಇಟ್ಟರು. ಇಟ್ಟು, "ನಡುವ ಈ ಕರೀ ಪಟ್ಟಿ ಯಾಕ್ರಿ? ಜಾಗಾ ದಂಡ. ತಗದ್ರ ಎರಡೂ ಒಂದೀಟು ದೊಡ್ಡವು ಆಗ್ತಾವು" ಎಂದು, ಕೀಲಿನ ಭಾಗವನ್ನು ಕತ್ತರಿಸಿ ಎರಡು ಪರದೆಗಳನ್ನು ಅಂಟಿಸಿದರು. ನಿಜವಾಗಿಯೂ ದೊಡ್ಡವಾದವು. ನೋಡಲೂ ಅಚ್ಚುಕಟ್ಟು. ಶಾಹೀನ್ "ಹಾಂ, ಇದು ಚಲೋ" ಎಂದಳು. ನನ್ನ ಗ್ರಾಫ್ ಹಾಳೆಯೂ ಅದನ್ನೇ ಹೇಳಿತ್ತು. ಓಡಿಸಿ ನೋಡಿದೆವು.

ಮೊಟ್ಟೆ ಮೇಲಿನ ಪರದೆಯ ಅಂಚಿಗೆ ಬಂದು ಕಾಣದಾಯಿತು. ಸಂದು ಇಲ್ಲ, ಮರೆಯಾಗಲು ಜಾಗವಿಲ್ಲ, ಆದರೂ ಕಾಣುತ್ತಿಲ್ಲ. ಇಲ್ಲದ ಸಂದಿನಲ್ಲಿ ಮರೆಯಾಗಿ, ಆಮೇಲೆ ಬೇರೆಲ್ಲೋ ಜಿಗಿದು ಬಂತು. ಯಾರೋ ಕೈಚಳಕ ಮಾಡಿದ ಹಾಗೆ. ಮತ್ತೊಂದು ಮೊಟ್ಟೆಯೂ ಹಾಗೆಯೇ. ನಾವು ಉಸಿರು ಹಿಡಿಯುತ್ತಿದ್ದ ಜಾಗವನ್ನೇ ತೆಗೆದುಹಾಕಿದ್ದರು. ಉಸಿರು ಹಿಡಿದ ನಮ್ಮ ಮುಖವಂತೂ ವಿಡಿಯೋದಲ್ಲಿ ಇಲ್ಲ. ಈಗ ನೋಡುವವರು ಉಸಿರು ಹಿಡಿಯಲು ಕಾರಣವೂ ಇಲ್ಲ.

ಶಾಹೀನಳ ನಗು ನಿಂತಿತ್ತು. "ರುದ್ರಣ್ಣಾರ, ಇದು ನಮ್ಮ ಮೊಟ್ಟಿ ಅಲ್ರಿ" ಎಂದಳು. "ಆ ಕರೀ ಪಟ್ಟಿ ವಾಪಸ್ ಹಾಕ್ರಿ."

ನಾನು ಹೇಳಬೇಕೆಂದಿದ್ದನ್ನು ಅವಳೇ ಹೇಳಿದಳು. ಆಟದಲ್ಲಿ ಆಗುತ್ತಿದ್ದುದೂ ಹಾಗೆಯೇ.

ಸಂದು ಮರಳಿ ಬಂತು. ಪರದೆಗಳು ಚಿಕ್ಕವಾದವು. ಆಮೇಲೆ ರುದ್ರಣ್ಣ ಧ್ವನಿಯ ಗುಂಡಿ ತಿರುಗಿಸಿ, "ಇದನ್ನ ತಗದು ಶಹನಾಯಿ ಹಾಕ್ಲ್ಯಾ? ಬರೇ ಗದ್ದಲ ಐತಿ" ಎಂದರು.

ಆಗಲೇ ನನಗೆ ಅದು ಕೇಳಿಸಿದ್ದು. ಶಾಹೀನಳ ಕೂಗು, ಮಗುವಿನ ಚೀರಾಟ, ಬಸ್ಸಿನ ಹಾರ್ನು, ಇವೆಲ್ಲದರ ಅಡಿಯಲ್ಲಿ ಇನ್ನೊಂದು ಸಣ್ಣ ಧ್ವನಿ. ಪ್ರತಿ ಸಲ ಶಾಹೀನ್ "ಬಂತು" ಎಂದಾಗ, ಆ ಧ್ವನಿ "ಇದ್ದೇನಿ" ಎನ್ನುತ್ತಿತ್ತು. ಬಂತು, ಇದ್ದೇನಿ. ಬಂತು, ಇದ್ದೇನಿ.

"ಇದು ಯಾರು?" ಎಂದೆ.

ಶಾಹೀನ್ ನನ್ನ ಮುಖವನ್ನೇ ನೋಡಿದಳು. "ನೀನಽ. ಮೊದಲಿನಿಂದ್ಲೂ ಅಂತಿದ್ದಿ. ಗೊತ್ತಿರ್ಲಿಲ್ಲೇನು?"

ಗೊತ್ತಿರಲಿಲ್ಲ. ನಾನು ಆಟದಲ್ಲಿ ಸುಮ್ಮನಿರುವವಳು ಎಂದೇ ತಿಳಿದಿದ್ದೆ. ಕೈ ತೋರಿಸಲು ಹೇಗೋ ಮನಸ್ಸು ಗಟ್ಟಿ ಮಾಡಿಕೊಂಡು ಬಂದಿದ್ದೆ. ಇದು ಕೈಗಿಂತ ಒಳಗಿನದು. ಶಹನಾಯಿ ಹಾಕಿದರೆ ಯಾರಿಗೂ ಕೇಳಿಸದು. ಎರಡೂ ಪರದೆ ಕಾಣಬೇಕು ಎಂದಷ್ಟೇ ಹರಟೆಕಟ್ಟೆಯವರು ಕೇಳಿದ್ದು, ಧ್ವನಿ ಕೇಳಿರಲಿಲ್ಲ. ರುದ್ರಣ್ಣನ ಬೆರಳು ಗುಂಡಿಯ ಮೇಲಿತ್ತು. ಹೊರಗೆ ಅಜ್ಜಿ, "ಮುಗೀತೇನ್ರಿ ಪರೀಕ್ಷಾ?" ಎಂದು ಕೂಗಿದರು. ಶಾಹೀನ್ ಈ ಸಲ ಎಡಕ್ಕೆ ಎನ್ನಲಿಲ್ಲ, ಬಲಕ್ಕೆ ಎನ್ನಲಿಲ್ಲ.

"ಗದ್ದಲ ಇರಲಿ" ಎಂದೆ. ನನ್ನ ಧ್ವನಿ ನನಗೇ ಗಟ್ಟಿಯಾಗಿ ಕೇಳಿಸಿತು.

ಸಿಡಿಯನ್ನು ಹಾವೇರಿಯ ಇಂಟರ್‌ನೆಟ್ ಅಂಗಡಿಗೆ ಒಯ್ದು, ಕರೆಂಟು ಹೋಗಿ ಬಂದು ಮಾಡುವುದರ ನಡುವೆ, ಹೇಗೋ ಏರಿಸಿದೆ. ಉತ್ತರಕ್ಕೆ ಕಾದ ಎರಡು ದಿನದ ನನ್ನ ಅವಸ್ಥೆಯನ್ನು ಬರೆಯುವುದಿಲ್ಲ. ಮೂರನೆಯ ದಿನ ಉತ್ತರ ಬಂದಿತ್ತು. ನಂಬಿದ್ದೇವೆ, ಅದ್ಭುತ, ಎಂದು ಒಂದು ಸಾಲು. ಕೆಳಗೆ ಇನ್ನೊಂದು: ಮುಂದಿನ ಸಲ ಪರದೆಗಳನ್ನು ಅಕ್ಕಪಕ್ಕ ಇಡಿ, ಸ್ವಲ್ಪ ದೊಡ್ಡದಾಗಿ ಕಾಣುತ್ತವೆ.

ಮುಂದಿನ ಸಲ! ಫೋನಿನಲ್ಲಿ ಓದಿ ಹೇಳಿದಾಗ ಶಾಹೀನ್ ಬಹಳ ಹೊತ್ತು ನಕ್ಕಳು. ಆಗ ಅವಳ ಕೈಗೆ ಮೆಹಂದಿ ಹಚ್ಚುತ್ತಿದ್ದರಂತೆ. ಫೋನನ್ನು ಯಾರೋ ಕಿವಿಗೆ ಹಿಡಿದಿದ್ದರಂತೆ.

ನಿಕಾಹ್ ಆಯಿತು. ಯಂತ್ರವನ್ನು ಅವಳು ಒಯ್ದಳು. ಹೊರಡುವಾಗ ಅದರ ಬೆನ್ನಿನ ತೂತಿನಿಂದ ಕಡ್ಡಿಯನ್ನು ಎಳೆದು ನನ್ನ ಚೀಲಕ್ಕೆ ತುರುಕಿದಳು. "ಇದಿಲ್ದ ಯಾರೂ ಆಡಂಗಿಲ್ಲ" ಎಂದಳು. ಬೀಗರ ಮುಂದೆ ಅಳಬಾರದೆಂದು ಇಬ್ಬರೂ ರೈಲಿನ ವೇಳೆಯ ಬಗ್ಗೆ ಮಾತಾಡಿದೆವು.

ಆಮೇಲೆ ಬಹಳ ದಿನ ಫೋನು ಬರಲಿಲ್ಲ. ಹೊಸ ಮನೆ, ಹೊಸ ಮಂದಿ. ನಾನಾಗಿ ಮಾಡಲು ಸಂಕೋಚ. ಮಾಡಿದರೆ ಏನು ಹೇಳಲಿ? ದಿನಕ್ಕೊಮ್ಮೆ ಮೊಬೈಲ್ ತೆಗೆದು ಅವಳ ಹೆಸರಿನವರೆಗೆ ಹೋಗಿ ಹಿಂದೆ ಬರುತ್ತಿದ್ದೆ. ಸುಗ್ಗಿ ಮುಗಿದು ಊರಿನ ಘಾಟು ಇಳಿದಿತ್ತು. ಒಂದು ಮಧ್ಯಾಹ್ನ, ಕಾಲೇಜಿನಿಂದ ಬಂದು ಕಾಲು ತೊಳೆಯುತ್ತಿದ್ದಾಗ ಫೋನು ಬಂತು.

"ಸುಮಾ, ಮದುವಿ ಸಿಡಿ ಬಂತು! ರುದ್ರಣ್ಣ ಏನ್ ಮಾಡ್ಯಾನ ಕೇಳು. ಎರಡು ಹಾರ್ಟ್ ಬರ್ತಾವಲ್ಲ, ಗುಲಾಬಿ ಬೀಳ್ತಾವಲ್ಲ, ಎಡಕ್ಕ ನಾ ಅದೇನಿ, ತಲಿ ಬಗ್ಗಿಸಿಕೊಂಡು. ಬಲಕ್ಕ ದೂಲ್ಹಾ ಬರಬೇಕಲ್ಲ? ಇವರ ಫೋಟೋ ಹಾಕೂದು ಮರತಾನ. ಅವತ್ತು ಹಾರ್ಟಿನ್ಯಾಗ ಕೂರಿಸಿದ್ದು ಹಂಗಽ ಉಳದೈತಿ. ಬಲಕ್ಕ ನಿನ್ನ ಕೈ ಐತಿ!"

"ಏನು?"

"ನಿನ್ನ ಕೈ, ಲೇ! ಕಡ್ಡಿ ಹಿಡಕೊಂಡು, ಪುಸಕ್ ಪುಸಕ್ ತೊಟ್ಟಲಾ ಬರಿಯಾಕತ್ತೈತಿ. ಆವಾಜೂ ಐತಿ. ಇಡೀ ಹಾಲ್ ತುಂಬ ಮಂದಿ ಕುಂತಿದ್ರು. ಮಾಮಾರು, ಫುಪ್ಪಿ, ಬಾಜೂ ಮನಿಯವರು, ಎಲ್ಲಾರೂ."

ನಾನು ಬಚ್ಚಲ ಕಟ್ಟೆಯ ಮೇಲೆ ಕೂತುಬಿಟ್ಟೆ. ಕಾಣದ ದೇಶದವರು ಬೇರೆ. ಇವರು ಮೀರಜಿನ ಹಾಲಿನಲ್ಲಿ ಚಹಾ ಕುಡಿಯುತ್ತ ಕೂತ ನಿಜವಾದ ಮಂದಿ. ಮದುಮಗಳ ಪಕ್ಕದ ಹೃದಯದಲ್ಲಿ ನನ್ನ ಕೈ. ಅವಳಿಗೆ ಏನಾದರೂ ಮಾತು ಬಂತೋ, ಯಾರಾದರೂ ಮುಖ ಗಂಟು ಹಾಕಿದರೋ, ಹೊಸ ಸೊಸೆ, ಇನ್ನೂ ಅವಳ ಚಪ್ಪಲಿಗೂ ಆ ಮನೆಯಲ್ಲಿ ಜಾಗ ಗೊತ್ತಾಗಿರಲಿಕ್ಕಿಲ್ಲ.

"ಏನಂದ್ರು?" ಎಂದೆ.

"ಇವರು ನಕ್ರು. ಯಂತ್ರ ತಗದು ಆಡಾಕ ಕುಂತ್ರು. ಮ್ಯಾಲ ನೋಡಾಕೂ ಬರೂದಿಲ್ಲ, ಕೆಳಗ ನೋಡಾಕೂ ಬರೂದಿಲ್ಲ. ಬೆರಳಿಲೇ ತಿಕ್ಕಿ ತಿಕ್ಕಿ ಎಲ್ಲಾ ಮೊಟ್ಟಿ ಒಡದ್ರು."

"ನಿಮ್ಮ ಅತ್ತಿ?"

"ಅತ್ತಿ ಅದನ್ನ ಇನ್ನೊಮ್ಮೆ ಹಾಕು ಅಂದ್ರು. ನೋಡಿದ್ರು. ಆಮ್ಯಾಲ ಕೇಳಿದ್ರು, ನೀ ಬಂತು ಬಂತು ಅಂತ ಒದರತಿ, ಇದ್ದೇನಿ ಅನ್ನಾಕಿ ಯಾರವಾ ಆಕಿ, ಅಂತ."

"ನೀ ಏನಂದಿ?"

ಆ ಕಡೆ ಸದ್ದಿಲ್ಲ. ನಮ್ಮೂರಿನ ಫೋನಿನ ಸಿಗ್ನಲ್ ಹೀಗೆಯೇ, ಬಚ್ಚಲಿನಲ್ಲಂತೂ ಹೇಳುವುದೇ ಬೇಡ. ಕಿವಿಯಿಂದ ತೆಗೆದು ನೋಡಿದೆ. ಕರೆ ಇನ್ನೂ ನಡೆಯುತ್ತಿತ್ತು. ಮತ್ತೆ ಕಿವಿಗೆ ಹಿಡಿದೆ. ಏನೂ ಇಲ್ಲ. ಉಸಿರೂ ಇಲ್ಲ. ಲೈನು ಹೋಯಿತೋ, ಅವಳು ಅಳುತ್ತಿದ್ದಾಳೋ, ಯಾರಾದರೂ ಬಂದರೋ. ಒದ್ದೆ ಕಾಲಿನಿಂದ ಹೊರಗೆ ಓಡಿ, ಅಂಗಳದ ನಡುವೆ ನಿಂತು, ಫೋನನ್ನು ಕಿವಿಗೆ ಒತ್ತಿದೆ. ನನಗೆ ಗೊತ್ತಿಲ್ಲದೆಯೇ ಬಾಯಿಂದ ಬಂತು:

"ಇದ್ದೇನಿ."

"ಅದನ್ನಽ ಕೇಳಾಕ ಸುಮ್ಮನಿದ್ದೆ" ಎಂದಳು ಶಾಹೀನ್.